ಹತ್ತರ ಭುಜದ ಮೇಲೆ ಏಳು

ತಪ್ಪು ನಡೆದದ್ದು ಒಳ್ಳೆಯ ಮನಸ್ಸಿನಿಂದಲೇ. ಲ್ಯಾಬಿನ ಮೇಡಂ ಬರೆದುಕೊಟ್ಟ ಕಾಗದದಲ್ಲಿ ಹತ್ತರ ಪಕ್ಕದ ಏಳು ತೀರ ಚಿಕ್ಕದಾಗಿತ್ತು, ಸಾಲದ್ದಕ್ಕೆ ಸಾಲು ಬಿಟ್ಟು ಮೇಲಕ್ಕೆ ಹಾರಿತ್ತು. ಪಾಪ, ಹೆಚ್ಚು ಓದಿದವರ ಕೈಬರಹ ಹೀಗೇ ಇರುತ್ತದೆ ಎಂದುಕೊಂಡ ನೇರಣ್ಣ, ಆ ಏಳನ್ನು ಕೈಹಿಡಿದು ಕೆಳಗಿಳಿಸಿ, ಹತ್ತರಷ್ಟೇ ದಪ್ಪ ಮಾಡಿ, ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ. ಗೋಡೆಯ ಮೇಲೆ 107 ಆಯಿತು. ಅದರ ಕೆಳಗಿನ ಆರು, ಐದು, ನಾಲ್ಕಕ್ಕೂ ಅದೇ ಉಪಕಾರ ಮಾಡುತ್ತ 101ರವರೆಗೂ ಇಳಿದು, ಬ್ರಷ್ಷು ತೊಳೆದು, ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಹೊಡೆದ.

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಇಪ್ಪತ್ತಾರು ವರ್ಷದಿಂದ ಬೋರ್ಡು ಬರೆಯುತ್ತಿದ್ದಾನೆ. ಒಂದು ಅಕ್ಷರ ವಾಲಿದ್ದಿಲ್ಲ, ಒಂದು ಗೆರೆ ಡೊಂಕಾಗಿದ್ದಿಲ್ಲ. ಅದಕ್ಕೇ ನೇರಣ್ಣ. ಆದರೆ ಬೀದಿಯ ತುದಿಯಲ್ಲಿ ಬ್ಯಾನರ್ ಪ್ರಿಂಟ್ ಮಾಡುವ ಅಂಗಡಿ ಬಂದ ಮೇಲೆ ಅವನ ಬ್ರಷ್ಷುಗಳಿಗೆ ಕೆಲಸಕ್ಕಿಂತ ರಜೆಯೇ ಹೆಚ್ಚು. ನಾಲ್ಕು ತಿಂಗಳಲ್ಲಿ ಸಿಕ್ಕ ಮೊದಲ ದೊಡ್ಡ ಕೆಲಸ ಇದು. ನೀರು ಪರೀಕ್ಷೆ ಮಾಡುವ ಲ್ಯಾಬಿನ ಕಾಂಪೌಂಡ್ ಗೋಡೆಯ ಮೇಲೆ ಹನ್ನೆರಡು ಅಡಿ ಉದ್ದದ ಗ್ರಾಫು. ಊರಿಗೆ ಬರುವ ನೀರಿನಲ್ಲಿ ಕ್ರಿಮಿಗಳು ವಾರದಿಂದ ವಾರಕ್ಕೆ ಎಷ್ಟು ಕಡಿಮೆಯಾದವು ಎಂದು ತೋರಿಸುವ ಗ್ರಾಫು. ನೀರು ಸರಬರಾಜಿನ ದೊಡ್ಡ ಸಾಹೇಬರು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಪರದೆ ಸರಿಸುವವರಿದ್ದರು.

ಬೆಳಿಗ್ಗೆ ಎಂಟಕ್ಕೆ ಲ್ಯಾಬಿನ ಮೇಡಂ ಬಂದು ಗೋಡೆಯ ಮುಂದೆ ನಿಂತರು. ನೇರಣ್ಣ ಹೊಗಳಿಕೆಗೆ ಕಾದು ಕೈಕಟ್ಟಿ ನಿಂತಿದ್ದ.

"ಇದೇನ್ರೀ ಇದು?"

"ಗ್ರಾಫು ಮೇಡಂ."

"ಅದು ಕಾಣತ್ತೆ. ಈ ನೂರ ಏಳು ಎಲ್ಲಿಂದ ಬಂತು?"

"ನಿಮ್ಮ ಕಾಗದದಿಂದಾನೇ. ಏಳು ಸ್ವಲ್ಪ ಮೇಲಕ್ಕೆ ಹಾರಿತ್ತು, ನಾನೇ ಸರಿ ಮಾಡ್ದೆ."

ಮೇಡಂ ಹಣೆ ಹಿಡಿದುಕೊಂಡರು. "ಗೆರೆ ಡೊಂಕಾಗಿದ್ರೆ ಡೊಂಕಾಗೇ ಬರೀರಿ, ನೆಟ್ಟಗೆ ಮಾಡ್ಬೇಡಿ ಅಂತ ಹತ್ತು ಸಲ ಹೇಳಿದ್ದೆ. ಅಂಕಿ ವಿಷಯ ಹೇಳಲಿಲ್ಲ ನೋಡಿ, ನಂದೇ ತಪ್ಪು. ಅದು ಚಿಕ್ಕದಾಗೇ ಇರ್ಬೇಕು. ಮೇಲೇ ಇರ್ಬೇಕು. ಪಕ್ಕದಲ್ಲಿ ಎಂಎಲ್ ಅಂತ ಬರೆದಿದ್ದೀರಲ್ಲ, ಅದರ ಮೇಲೂ ಚಿಕ್ಕದಾಗಿ ಮೈನಸ್ ಒಂದು ಇತ್ತು. ಅದೆಲ್ಲಿ ಹೋಯ್ತು?"

"ಅದು ಪೆನ್ನು ಜಾರಿದ್ದು ಅಂದ್ಕೊಂಡೆ."

"ನನ್ನ ಪೆನ್ನು ಒಂದೇ ಹಾಳೆಯಲ್ಲಿ ಎಂಟು ಸಲ ಜಾರತ್ತಾ?"

ನೇರಣ್ಣನಿಗೆ ಇನ್ನೂ ಒಪ್ಪಿಗೆಯಾಗಲಿಲ್ಲ. "ಒಂದೇ ಸಾಲಲ್ಲಿ ಚಿಕ್ಕದು ದೊಡ್ಡದು ಬರೆದ್ರೆ ನಿನ್ನೆ ಮೊನ್ನೆ ಬ್ರಷ್ಷು ಹಿಡಿದವನು ಬರೆದ ಹಾಗಿರತ್ತೆ ಮೇಡಂ. ನನ್ನ ಮರ್ಯಾದೆ ಏನಾಗ್ಬೇಕು?"

"ಹಾಗೇ ಬಿಟ್ರೆ ನನ್ನ ಮರ್ಯಾದೆ ಏನಾಗ್ಬೇಕು? ನೋಡಿ, ಹನ್ನೊಂದೂವರೆ ಒಳಗೆ ಸರಿಯಾಗ್ಲಿಲ್ಲ ಅಂದ್ರೆ ಬ್ಯಾನರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಇದರ ಮೇಲೇ ಹೊಡೆಸಿಬಿಡ್ತೀನಿ."

ಬೈದಿದ್ದರೆ ನೇರಣ್ಣ ತಡೆದುಕೊಳ್ಳುತ್ತಿದ್ದ. ತನ್ನ ಗೋಡೆಯ ಮೇಲೆ ಆ ಪ್ಲಾಸ್ಟಿಕ್ ಬಟ್ಟೆ, ಅದೂ ನಾಲ್ಕು ಮೊಳೆಗೆ ನೇತುಬಿದ್ದು! "ಹನ್ನೊಂದೂವರೆ ಯಾಕೆ ಮೇಡಂ? ಹನ್ನೊಂದಕ್ಕೇ ಬಂದು ನೋಡಿ," ಎಂದವನೇ ಪ್ಯಾಂಟು ಮಡಚಿ ಏಣಿ ಹತ್ತಿದ.

ಬರೆಯುವುದು ಸುಲಭ, ಅಳಿಸುವುದೇ ಪಡಿಪಾಟಲು. ಟರ್ಪೆಂಟೈನು ಅದ್ದಿದ ಬಟ್ಟೆಯಲ್ಲಿ ಉಜ್ಜಿದರೆ ಏಳು ಹೋಗುವ ಬದಲು ಮೀಸೆ ಬೆಳೆಸಿಕೊಂಡಿತು. ಇನ್ನೊಂದು ಸಲ ಉಜ್ಜಿದ, ಮೀಸೆ ಗಡ್ಡವಾಯಿತು. ಕೊನೆಗೆ ಏಳರಿಂದ ಒಂದರವರೆಗೂ ಬಿಳಿ ಬಣ್ಣದ ತೇಪೆ ಹಾಕಿ ಕೆಳಗಿಳಿದ. ತಿಂಡಿಯ ಡಬ್ಬಿ ಹಿಡಿದು ಬಂದ ಹೆಂಡತಿ ತೇಪೆಗಳನ್ನು ನೋಡಿ, "ಗೋಡೆಗೆ ಏನ್ರೀ ಗಾಯ?" ಎಂದಳು.

"ಗಾಳಿ ಹಾಕು, ಮಾತಾಡ್ಬೇಡ."

ಅವಳು ಡಬ್ಬಿಯ ಮುಚ್ಚಳ ತೆಗೆದು ಗೋಡೆಗೆ ಗಾಳಿ ಹಾಕತೊಡಗಿದಳು. ಗೋಡೆಗೆ ಗಾಳಿ ಹಾಕುವ ಹೆಂಗಸನ್ನು ಕಂಡು ಸುಮ್ಮನೆ ಹೋಗುವ ಜನ ಎಲ್ಲಾದರೂ ಇದ್ದಾರೆಯೇ? ಬೆಲ್ಲಕ್ಕೆ ಇರುವೆ ಬಂದ ಹಾಗೆ ಒಬ್ಬೊಬ್ಬರೇ ಬಂದು ನಿಂತರು. ಬಂದವರು ಸುಮ್ಮನೆ ನಿಲ್ಲಲೂ ಇಲ್ಲ. ಒಬ್ಬ ಬಿಳಿ ಹೆಚ್ಚಾಯಿತೆಂದ, ಇನ್ನೊಬ್ಬ ಗೋಡೆಯೇ ವಾಲಿದೆ ಎಂದ. ನೇರಣ್ಣ ಮತ್ತೆ ಏಣಿ ಹತ್ತಿ, ಹತ್ತರ ನಡುನೆತ್ತಿಯ ಮೇಲೆ ಚಿಕ್ಕದೊಂದು ಏಳನ್ನು ಕೂರಿಸಿದ.

"ಯಾವ ಮುಠ್ಠಾಳ ಕಲಿಸಿದ್ದು ನಿಂಗೆ?"

ಕೆಳಗೆ ನಿವೃತ್ತ ಗಣಿತದ ಮೇಷ್ಟ್ರು. ಕಂಕುಳಲ್ಲಿ ಪೇಪರು, ಕೈಯಲ್ಲಿ ಊರುಗೋಲು. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ತಪ್ಪು ಲೆಕ್ಕ ಕಂಡರೆ ಅವರಿಗೆ ಇವತ್ತಿಗೂ ತುರಿಕೆ ಬರುತ್ತಿತ್ತು. ಊರುಗೋಲನ್ನೇ ಬೆತ್ತ ಮಾಡಿಕೊಂಡು ಗೋಡೆಗೆ ಕುಟ್ಟಿದರು.

"ನೆತ್ತಿ ಮೇಲಲ್ಲವೋ, ಬಲಭುಜದ ಮೇಲೆ! ಮೆರವಣಿಗೆ ಕಾಣ್ಲಿ ಅಂತ ಮಗುನ ಭುಜದ ಮೇಲೆ ಕೂರಿಸ್ಕೋತೀಯಲ್ಲ, ಹಾಗೆ."

"ಎಲ್ಲಿ ಕೂತ್ರೆ ಏನ್ ಸರ್? ಚಿಕ್ಕ ಏಳು ಅಷ್ಟೇ ತಾನೇ?"

"ಅಷ್ಟೇ ತಾನೇ?" ಮೇಷ್ಟ್ರು ಮತ್ತೆ ಗೋಡೆಗೆ ಕುಟ್ಟಿದರು. "ಹತ್ತನ್ನ ಹತ್ತರಿಂದ ಗುಣಿಸು. ಬಂದದ್ದನ್ನ ಮತ್ತೆ ಹತ್ತರಿಂದ. ಹೀಗೆ ಏಳು ಹತ್ತು ಮುಗಿಯೋ ತನಕ. ಎಷ್ಟು ಬಂತು ಹೇಳು."

ನೇರಣ್ಣ ಏಣಿಯ ಮೇಲೇ ಬೆರಳು ಮಡಚುತ್ತ ಸೊನ್ನೆ ಎಣಿಸಿದ. ಬ್ರಷ್ಷಿನಿಂದ ಕಪ್ಪು ಬಣ್ಣ ಮೇಷ್ಟ್ರ ಪೇಪರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮಂದಿಯೂ ತುಟಿ ಅಲ್ಲಾಡಿಸುತ್ತ ಎಣಿಸತೊಡಗಿದರು. ಲಕ್ಷ ದಾಟಿತು, ಹತ್ತು ಲಕ್ಷ ದಾಟಿತು. ಏಳನೆಯ ಸೊನ್ನೆಗೆ ಬಂದಾಗ ನೇರಣ್ಣ ಏಣಿಯ ಮೆಟ್ಟಿಲ ಮೇಲೆ ಕುಸಿದು ಕೂತ.

"ಒಂದು ಕೋಟಿ! ಸರ್, ಒಂದು ಕೋಟಿನ ನಾನು ನೂರ ಏಳು ಮಾಡಿ ಮನೆಗೆ ಹೋಗಿ ಮಲಗಿದ್ನಾ?"

"ಕಳ್ಳರೂ ಒಂದೇ ಕೈಯಲ್ಲಿ ಅಷ್ಟು ಹೊಡೆಯಲ್ಲ," ಎಂದರು ಮೇಷ್ಟ್ರು.

ಅಲ್ಲಿಂದ ಮುಂದೆ ನೇರಣ್ಣನನ್ನು ಹಿಡಿಯುವವರಿಲ್ಲ. ಅದುವರೆಗೆ ಮೇಡಂ ಹೇಳಿದರೆಂದು ಮಾಡುತ್ತಿದ್ದ. ಈಗ ತಾನೇ ಕಳೆದುಹಾಕಿದ ಕೋಟಿಯನ್ನು ತಾನೇ ವಾಪಸು ತರುವವನ ಹಾಗೆ ಹಲ್ಲು ಕಚ್ಚಿದ. ನೆತ್ತಿಯ ಏಳನ್ನು ಒರೆಸಿದ, ತೇಪೆ ಹಾಕಿದ, ಗಾಳಿ ಹಾಕಿಸಿದ. ಹತ್ತರ ಎತ್ತರವನ್ನು ಸ್ಕೇಲಿನಲ್ಲಿ ಅಳೆದು, ಅದರ ಅರ್ಧಕ್ಕಿಂತ ಚೂರು ಹೆಚ್ಚು ಎಂದು ಮೇಷ್ಟ್ರಿಂದ ಒಪ್ಪಿಗೆ ಪಡೆದು, ಉಸಿರು ಬಿಗಿಹಿಡಿದು ಭುಜದ ಮೇಲೆ ಏಳನ್ನು ಬರೆದ. ಆಮೇಲೆ ಆರು. ಆಮೇಲೆ ಐದು. ಒಂದಕ್ಕಿಂತ ಒಂದು ಮುದ್ದಾಗಿ ಬಂದವು. ಎಂಎಲ್ ಭುಜದ ಮೇಲೂ ಮೈನಸ್ ಒಂದನ್ನು ಬರೆದು, ಏಣಿಯನ್ನು ಪಕ್ಕಕ್ಕೆ ಸರಿಸಿ ಉಳಿದ ಅಂಕಿಗಳತ್ತ ತಿರುಗಿದ. ಮೇಷ್ಟ್ರು ತೃಪ್ತರಾಗಿ ಊಟಕ್ಕೆ ಮನೆಗೆ ಹೊರಟರು.

ಹನ್ನೊಂದು ಗಂಟೆಗೆ ಕೊನೆಯ ಅಂಕಿ ಮುಗಿಯಿತು. ನೇರಣ್ಣ ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ. ಎಂಎಲ್ ಭುಜದ ಮೇಲೆ ಬರೀ ಮಸಿ ಬಳಿದ ಹಾಗಿತ್ತು.

"ರೀ, ಅಲ್ಲಿ ನಿಮ್ಮ ಬ್ರಷ್ಷು ತಾಗಿ ಅಡ್ಡ ಒಂದು ಗೀಟು ಬಿದ್ದಿತ್ತು," ಎಂದಳು ಹೆಂಡತಿ. "ಬಟ್ಟೆ ತಗೊಂಡು ಒರೆಸ್ದೆ."

"ಅಯ್ಯೋ! ಅದು ಮೈನಸ್ಸು ಕಣೇ!"

"ಮೈನಸ್ಸು ಅಂದ್ರೆ ಇಲ್ಲದ್ದು ತಾನೇ? ಇಲ್ಲದ್ದನ್ನ ಒರೆಸಿದ್ರೆ ನಷ್ಟ ಏನು?"

ಉತ್ತರ ಹೇಳಿಸೋಣವೆಂದರೆ ಮೇಷ್ಟ್ರು ಊಟಕ್ಕೆ ಹೋಗಿಬಿಟ್ಟಿದ್ದರು. ನೇರಣ್ಣ ಮತ್ತೆ ಬಿಳಿ ಬಣ್ಣದ ಡಬ್ಬಿ ಎತ್ತಿಕೊಂಡ. ತೇಪೆ ಹಾಕಿ, ಅದು ಒಣಗಲೆಂದು ಏಣಿಯ ಮೇಲೇ ಕಾಯುತ್ತಿದ್ದಾಗ, ಹನ್ನೊಂದೂವರೆಗೆ, ಬ್ಯಾನರ್ ಅಂಗಡಿಯವನು ಉದ್ದನೆಯ ಸುರುಳಿಯೊಂದನ್ನು ಹೆಗಲ ಮೇಲೆ ಹೊತ್ತು, ಮದುವೆಗೆ ಬಂದವನ ಹಾಗೆ ನಗುತ್ತ ಬಂದ. ಯಾವುದಕ್ಕೂ ಇರಲಿ ಎಂದು ಮೇಡಂ ಅವನಿಗೂ ಹೇಳಿಟ್ಟಿದ್ದರು.

"ಅಣ್ಣ ಇನ್ನೂ ಕಷ್ಟಪಡ್ತಾ ಇದ್ದೀರಾ? ನಮ್ಮದು ಹತ್ತೇ ನಿಮಿಷದ ಕೆಲಸ," ಎಂದು ಸುರುಳಿ ಬಿಚ್ಚಿದ. ಅವನ ಹಿಂದೆಯೇ ಬಂದ ಮೇಡಂ ಬಗ್ಗಿ ನೋಡಿದರು. ಹೊಳೆಯುವ ಬಟ್ಟೆಯ ಮೇಲೆ 10^7, 10^6, 10^5.

"ಹತ್ತಕ್ಕೂ ಏಳಕ್ಕೂ ನಡುವೆ ಇದೇನಪ್ಪ, ಗುಡಿಸಲು?" ಎಂದಳು ನೇರಣ್ಣನ ಹೆಂಡತಿ.

"ನೀವು ಕಳಿಸಿದ್ದೇ ಹೀಗಿತ್ತು ಮೇಡಂ," ಎಂದ ಅವನು.

"ಅದು ಮುಂದಿನ ಅಂಕೀನ ಮೇಲೆ ಕೂರಿಸು ಅಂತ ಕಂಪ್ಯೂಟರಿಗೆ ಹೇಳೋ ಗುರುತು ಕಣ್ರೀ! ಅದನ್ನೇ ಪ್ರಿಂಟ್ ಮಾಡೋದಾ?"

"ನಮ್ಮ ಯಂತ್ರ ಗುರುತು ಕೊಟ್ರೆ ಗುರುತೇ ಹೊಡೆಯತ್ತೆ."

ಏಣಿಯ ಮೇಲಿದ್ದ ನೇರಣ್ಣ ಆ ದಿನ ಮೊದಲ ಸಲ ನಕ್ಕ. ನಗು ಮುಗಿಯುವ ಮೊದಲೇ ತಿರುವಿನಲ್ಲಿ ಜೀಪಿನ ಹಾರ್ನು ಕೇಳಿಸಿತು. ಸಾಹೇಬರು ಇಪ್ಪತ್ತು ನಿಮಿಷ ಮುಂಚೆಯೇ ಬಂದಿದ್ದರು.

"ಪರದೆ! ಪರದೆ!" ಎಂದು ಮೇಡಂ ಕೂಗಿ, ತಂತಿಯ ಮೇಲಿದ್ದ ನೀಲಿ ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಸರ್ರನೆ ಎಳೆದರು. ಗೋಡೆ ಮುಚ್ಚಿತು, ಗ್ರಾಫು ಮುಚ್ಚಿತು. ಏಣಿಯೂ ನೇರಣ್ಣನೂ ಒಳಗೇ ಉಳಿದರು.

"ಮೇಡಂ, ನಾನು..."

"ಅಲ್ಲೇ ಇರಿ! ಉಸಿರೂ ಬಿಡ್ಬೇಡಿ!"

ಹೊರಗೆ ಸಾಹೇಬರ ಭಾಷಣ ಶುರುವಾಯಿತು. ನೀರೇ ಜೀವ ಎಂದರು. ಜೀವವೇ ನೀರು ಎಂದರು. ನೀಲಿ ಬೆಳಕಿನಲ್ಲಿ, ಗೋಡೆಗೂ ಬಟ್ಟೆಗೂ ನಡುವಿನ ಮೊಳದಷ್ಟು ಜಾಗದಲ್ಲಿ ನೇರಣ್ಣ ಬೇಯುತ್ತಿದ್ದ. ಮೂಗಿನ ತುದಿಯ ಬೆವರು ಒರೆಸಲು ಕೈ ಎತ್ತಿದರೆ ಪರದೆ ಅಲುಗುತ್ತಿತ್ತು. ಬಿಳಿ ತೇಪೆ ಒಣಗಿದೆಯೇ ಎಂದು ಕಿರುಬೆರಳಿನಿಂದ ಮುಟ್ಟಿ ನೋಡಿದ. ಒಣಗಿತ್ತು. ಇಲ್ಲಿಯವರೆಗೆ ಬಂದು ಒಂದು ಅಡ್ಡಗೆರೆಗಾಗಿ ಸೋಲುವುದೇ? ಇಪ್ಪತ್ತಾರು ವರ್ಷದಲ್ಲಿ ಬರೆದ ಎಲ್ಲ ಬೋರ್ಡುಗಳಿಗಿಂತ ಹೆಚ್ಚು ಜೋಪಾನದಿಂದ ಅರ್ಧ ಬೆರಳಿನಷ್ಟು ಉದ್ದದ ಆ ಮೈನಸ್ಸನ್ನು ಎಳೆದ. ಪಕ್ಕದಲ್ಲಿ ಒಂದನ್ನು ನಿಲ್ಲಿಸಿದ. ಬ್ರಷ್ಷನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏಣಿ ಇಳಿಯಲು ಕಾಲು ತೆಗೆದನೋ ಇಲ್ಲವೋ, ಪರದೆ ಸರಿಯಿತು.

ಒಂದು ಕಾಲು ಗಾಳಿಯಲ್ಲಿ, ಬಾಯಲ್ಲಿ ಬ್ರಷ್ಷು, ಮೂಗಿನ ಮೇಲೆ ಬಿಳಿ ಬಣ್ಣ. ಮೇಡಂ ಕಣ್ಣು ಮುಚ್ಚಿದರು.

"ಭೇಷ್!" ಎಂದರು ಸಾಹೇಬರು. "ಕಲಾವಿದನನ್ನೇ ಎದುರು ನಿಲ್ಲಿಸಿದ್ದೀರಿ. ಇದಪ್ಪ ಏರ್ಪಾಡು ಅಂದ್ರೆ!" ಎಂದು ತಾವೇ ಚಪ್ಪಾಳೆ ತಟ್ಟಿದರು. ಜನವೂ ತಟ್ಟಿದರು. ಗಾಳಿಯಲ್ಲಿದ್ದ ಕಾಲನ್ನು ನೇರಣ್ಣ ಮೆಲ್ಲಗೆ ಕೆಳಗಿಟ್ಟ.

ಸಾಹೇಬರು ಗೆರೆಯನ್ನು ನೋಡಲಿಲ್ಲ, ಕ್ರಿಮಿಗಳ ಸುದ್ದಿಗೆ ಹೋಗಲಿಲ್ಲ. ಅವರ ಕಣ್ಣು ಅಂಕಿಗಳ ಮೇಲೆ ನೆಟ್ಟಿತ್ತು. "ಹತ್ತರ ಪಕ್ಕ ಇಷ್ಟು ಚಿಕ್ಕದಾಗಿ ಮೇಲೆ ಕೂರಿಸಿದ್ದೀಯಲ್ಲ, ಏನು ಅಂದವಯ್ಯ! ನಮ್ಮ ಆಫೀಸಿನಲ್ಲೂ ನೂರು, ನೂರ ಒಂದು, ನೂರ ಎರಡು ಅಂತ ಬಾಗಿಲ ಮೇಲೆ ಬರೆದಿದ್ದಾರೆ. ಇಟ್ಟಿಗೆ ಜೋಡಿಸಿದ ಹಾಗೆ, ಎಲ್ಲ ಒಂದೇ ಗಾತ್ರ. ನಡಿ, ಇವತ್ತೇ ಎಲ್ಲ ಬಾಗಿಲಿಗೂ ಹೀಗೆ ಬರೆದುಕೊಡು."

ನೇರಣ್ಣ ಹೌಹಾರಿದ. "ಸರ್, ಅದು ಅಂದಕ್ಕೆ ಬರೆಯೋದಲ್ಲ. ಬೆಲೆಯೇ ಬದಲಾಗಿಹೋಗತ್ತೆ. ಮೇಡಂ, ನೀವಾದ್ರೂ ಹೇಳಿ."

ಮೇಡಂ ಬಾಯಿ ತೆರೆದರು. ಲ್ಯಾಬಿಗೆ ಹೊಸ ಯಂತ್ರ ಬೇಕೆಂದು ಅವರು ಬರೆದ ಅರ್ಜಿ ಆರು ತಿಂಗಳಿಂದ ಸಾಹೇಬರ ಮೇಜಿನ ಮೇಲೆ ಮಲಗಿತ್ತು. ಮೇಡಂ ಬಾಯಿ ಮುಚ್ಚಿದರು.

ಆಫೀಸು ಎರಡು ಬೀದಿ ಆಚೆ. ಒಂದೇ ಉದ್ದನೆಯ ಓಣಿ, ಎರಡೂ ಕಡೆ ಐದೈದು ಬಾಗಿಲು, ಎಲ್ಲವೂ ಒಂದೇ ಹಸಿರು. ನೂರನೇ ನಂಬರು ಸಾಹೇಬರದ್ದು. ನೇರಣ್ಣ ದಾರಿಯುದ್ದಕ್ಕೂ ತಿಳಿಹೇಳಿದ. "ಸರ್, ನೂರ ಐದನ್ನ ಹಾಗೆ ಬರೆದ್ರೆ ಒಂದು ಲಕ್ಷ ಆಗತ್ತೆ."

"ಆಗ್ಲಿ ಬಿಡಯ್ಯ, ಕಡಿಮೆ ಏನೂ ಆಗಲ್ವಲ್ಲ!"

ನೇರಣ್ಣ ಕೊನೆಯ ಬಾಗಿಲಿನಿಂದ ಶುರುಮಾಡಿದ. ದೂರು ವಿಭಾಗದ 109 ಅಳಿದು 10⁹ ಆಯಿತು. ನಕ್ಷೆ ವಿಭಾಗದ 108 ಅಳಿದು 10⁸. ಬರೆಯುವುದೆಂದ ಮೇಲೆ ಅರೆಮನಸ್ಸಿನಿಂದ ಬರೆಯುವ ಜಾತಿ ಅವನದಲ್ಲ. ಪ್ರತಿ ಭುಜವನ್ನೂ ಅಳೆದೇ ಕೂರಿಸಿದ. ಎರಡೂವರೆಗೆ ಸಾಹೇಬರ ಬಾಗಿಲಿಗೆ ಬಂದು, ಬ್ರಷ್ಷು ಎತ್ತಿ, ತಡೆದು ನಿಂತ. ಹತ್ತರ ಮೇಲೆ ಸೊನ್ನೆ ಕೂರಿಸಿದರೆ ಏನಾಗುತ್ತದೆ? ಇದನ್ನು ಮೇಷ್ಟ್ರು ಹೇಳಿರಲಿಲ್ಲ. ಮೂಲೆಗೆ ಹೋಗಿ ಫೋನು ಮಾಡಿದ.

"ಸರ್, ಭುಜದ ಮೇಲೆ ಸೊನ್ನೆ ಕೂತ್ರೆ ಎಷ್ಟಾಗತ್ತೆ?"

ಮೇಷ್ಟ್ರು ನಿದ್ದೆಗಣ್ಣಿನಲ್ಲಿದ್ದರು. "ಒಂದು."

"ಒಂದು ಸಾವಿರಾನಾ?"

"ಬರೀ ಒಂದೋ! ಯಾವ ಅಂಕಿ ಭುಜಕ್ಕೆ ಸೊನ್ನೆ ಏರಿದ್ರೂ ಒಂದೇ," ಎಂದು ಫೋನಿಟ್ಟರು.

ನೇರಣ್ಣ ಬಾಗಿಲುಗಳ ಸಾಲನ್ನೊಮ್ಮೆ ನೋಡಿದ. ಕೊನೆಯ ಬಾಗಿಲಿನಲ್ಲಿ ದೂರು ಬರೆದುಕೊಳ್ಳುವ ಅಕ್ಕ ನೂರು ಕೋಟಿ, ದೊಡ್ಡ ಸಾಹೇಬರು ಒಂದು! ಮುಚ್ಚಿಡಬಹುದಿತ್ತು. ಆದರೆ ಬೆಳಿಗ್ಗೆ ಒಂದು ಕೋಟಿ ಮುಳುಗಿಸಿದವನು ಮಧ್ಯಾಹ್ನ ಇನ್ನೊಂದು ಪಾಪ ಕಟ್ಟಿಕೊಳ್ಳಲಾರದೆ ಒಳಗೆ ಹೋಗಿ ಹೇಳಿಯೇಬಿಟ್ಟ. "ಸರ್, ತಪ್ಪು ತಿಳ್ಕೋಬೇಡಿ. ನೀವು... ಒಂದು ಆಗ್ತೀರಿ."

ಸಾಹೇಬರು ಕನ್ನಡಕ ತೆಗೆದರು. ಅವನನ್ನು ನೋಡಿದರು. ಅವರ ಮುಖ ನಿಧಾನವಾಗಿ ಅರಳತೊಡಗಿತು.

"ನಂಬರ್ ಒನ್!" ಎಂದರು. "ಗೊತ್ತಿರೋರಿಗೆ ಮಾತ್ರ ಗೊತ್ತಾಗೋ ಹಾಗೆ! ಎಂಥ ಬುದ್ಧಿವಂತನಯ್ಯ ನೀನು! ಬರಿ, ಬರಿ." ಜವಾನನನ್ನು ಕರೆದು ಹೇಳಿದರು, ಬಂದವರಿಗೆಲ್ಲ ಹೇಳಿದರು, ಮೀಟಿಂಗಿಗೆ ಹೊರಟು ಜೀಪು ಹತ್ತುವಾಗ ಡ್ರೈವರಿಗೂ ಹೇಳಿದರು.

ಜೀಪಿನ ಧೂಳು ಇಳಿಯುವ ಮೊದಲೇ ದೂರಿನ ಅಕ್ಕ ನೇರಣ್ಣನ ಪಕ್ಕದಲ್ಲಿದ್ದಳು. "ಏನಪ್ಪ, ಅವರು ಒಂದು, ನಾನು ಎಷ್ಟೋ?"

"ನೂರು ಕೋಟಿ ಅಕ್ಕಾ! ಈ ಓಣಿಗೇ ನೀವೇ ಜಾಸ್ತಿ."

"ನೂರು ಕೋಟೀನ ನೀನೇ ಇಟ್ಕೋ. ನನಗೂ ಒಂದು ಬರಿ."

"ಅದು ಸಾಹೇಬ್ರಿಗೆ ಮಾತ್ರ..."

"ಇಪ್ಪತ್ತು ವರ್ಷದಿಂದ ಊರಿನ ಬೈಗಳೆಲ್ಲ ಕೇಳ್ತಾ ಇರೋದು ಯಾರು? ಸಾಹೇಬ್ರಾ, ನಾನಾ?"

ಮಾತು ನ್ಯಾಯವಾಗಿತ್ತು. ಒಂಬತ್ತನ್ನು ಒರೆಸಿ ಸೊನ್ನೆ ಕೂರಿಸಿದ. ಅವನು ಬ್ರಷ್ಷು ಒರೆಸಿಕೊಳ್ಳುವಷ್ಟರಲ್ಲಿ ಉಳಿದ ಎಂಟು ಬಾಗಿಲಿನಿಂದ ಎಂಟು ತಲೆ ಹೊರಬಂದವು. ನಕ್ಷೆಯವನು ಗದರಿದ, ಪೈಪು ವಿಭಾಗದವನು ಗೋಗರೆದ, 101ರ ಗುಮಾಸ್ತ ತನ್ನ ಮದುವೆಯ ಮಾತುಕತೆ ನಡೆಯುತ್ತಿದೆ, ಹೆಣ್ಣಿನ ಕಡೆಯವರು ನಾಳೆಯೇ ಆಫೀಸು ನೋಡಲು ಬರುತ್ತಾರೆ ಎಂದು ಕಣ್ಣೀರು ತಂದುಕೊಂಡ. ನೇರಣ್ಣ ಇಬ್ಬರಿಗೆ ಇಲ್ಲವೆಂದ, ಮೂವರಿಗೆ ಆಗದೆಂದ. ಆದರೆ ಒಬ್ಬರಿಗೆ ಬರೆದು ಇನ್ನೊಬ್ಬರಿಗೆ ಬಿಡುವುದು ಅವನಿಗೆ ವಾಲಿದ ಅಕ್ಷರದಷ್ಟೇ ಹಿಂಸೆ. ಕೊಟ್ಟರೆ ಎಲ್ಲರಿಗೂ ಒಂದೇ ಅಳತೆ ಎಂದು ಪಟ್ಟು ಹಿಡಿದು, ಊಟವನ್ನೂ ಮರೆತು, ನಾಲ್ಕು ಗಂಟೆಯೊಳಗೆ ಹತ್ತಕ್ಕೆ ಹತ್ತು ಬಾಗಿಲಿನ ಮೇಲೂ 10⁰ ಬರೆದು ಮುಗಿಸಿದ. ಓಣಿಯ ತುಂಬ ನಂಬರ್ ಒನ್ನುಗಳು ಸೈನಿಕರಂತೆ ನಿಂತವು. ಒಂದೂ ವಾಲಿರಲಿಲ್ಲ.

ನಾಲ್ಕೂಕಾಲಿಗೆ ಸಾಹೇಬರು ಮರಳಿ, ಹತ್ತರ ಮೇಲಿನ ಸೊನ್ನೆಯನ್ನು ಕಂಡು ಮುಗುಳ್ನಕ್ಕು, ಬಾಗಿಲು ತಳ್ಳಿ ಒಳಗೆ ನುಗ್ಗಿದರು. ಮಗನಿಗೆ ಫೋನಿನಲ್ಲಿ ಮಗ್ಗಿ ಹೇಳಿಕೊಡುತ್ತಿದ್ದ ಪೈಪು ವಿಭಾಗದವನು ಎದ್ದು ನಿಂತ. ಸಾಹೇಬರು ಕ್ಷಮಿಸಿ ಎಂದು ಹೊರಬಂದು ಎದುರಿನ ಸೊನ್ನೆಯೊಳಗೆ ಹೋದರು. ಅಲ್ಲಿ ಬರೀ ನಕ್ಷೆಗಳು. ಮೂರನೆಯದರಲ್ಲಿ ಪೊರಕೆ, ಬಕೆಟ್ಟು ಮತ್ತು ಜವಾನ. ನಾಲ್ಕನೆಯ ಬಾಗಿಲಿನಿಂದ ಹೊರಬಂದಾಗ ಅವರ ಮುಖ ಇಟ್ಟಿಗೆ ಗೂಡಾಗಿತ್ತು.

"ಅಳಿಸು ಇದನ್ನ! ಈಗ್ಲೇ ಅಳಿಸು!"

"ಯಾರದ್ದು ಅಳಿಸ್ಲಿ ಸರ್?" ಎಂದು ನೇರಣ್ಣ ಬಟ್ಟೆ ಹಿಡಿದು ನಿಂತ.

ಒಂಬತ್ತು ಬಾಗಿಲಿನಲ್ಲಿ ಒಂಬತ್ತು ಮುಖ. ನನ್ನದು ಮುಟ್ಟಿದರೆ ನಾಳೆಯಿಂದ ರಜೆ ಎಂದಳು ದೂರಿನ ಅಕ್ಕ. ಉಳಿದವರು ಬಾಯಿ ಬಿಡದೆಯೇ ಅದನ್ನೇ ಹೇಳಿದರು. ನಾಳೆ ಇಡೀ ಊರಿನ ದೂರು ತಾವೊಬ್ಬರೇ ಕೂತು ಕೇಳುವುದನ್ನು ಸಾಹೇಬರು ಮನಸ್ಸಿನಲ್ಲೇ ಕಂಡರು. ಹಾಗೆಂದು ತಮ್ಮ ಬಾಗಿಲಿನ ಸೊನ್ನೆ ಅಳಿಸಿಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ. ಕೊನೆಗೆ ತೀರ್ಮಾನ ಹೇಳಿದರು. ಓಣಿಯ ಬಾಯಲ್ಲಿ ಒಂದು ಸ್ಟೂಲು ಬಂತು. ಯಾವ ಬಾಗಿಲಿನ ಹಿಂದೆ ಯಾರಿದ್ದಾರೆಂದು ಬರೆದವನಿಗೆ ಮಾತ್ರ ಗೊತ್ತು. ಆದ್ದರಿಂದ ಜನಕ್ಕೆ ರೂಢಿಯಾಗುವವರೆಗೆ ಬರೆದವನೇ ಅಲ್ಲಿ ಕೂತಿರಬೇಕು.

ನೇರಣ್ಣ ಬ್ರಷ್ಷುಗಳನ್ನು ಚೀಲಕ್ಕೆ ಹಾಕಿ ಸ್ಟೂಲಿನ ಮೇಲೆ ಕೂತ. ಐದು ನಿಮಿಷಕ್ಕೆ, ನಲ್ಲಿಯಲ್ಲಿ ನೀರಿಲ್ಲವೆಂದು ಖಾಲಿ ಕೊಡವನ್ನೇ ಸಾಕ್ಷಿಗೆ ಹೊತ್ತುಕೊಂಡು ಮುದುಕನೊಬ್ಬ ಬಂದ. ಓಣಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಇನ್ನೊಮ್ಮೆ ನೋಡಿದ.

"ದೂರು ಕೊಡೋದು ಎಲ್ಲಪ್ಪಾ?"

"ಬಲಗಡೆ ಐದನೇ ನಂಬರ್ ಒನ್ನು, ತಾತ."

ಮುದುಕ ಕೊಡ ಕೆಳಗಿಟ್ಟ. "ಇದೇನಪ್ಪ ಹೀಗೆ? ಇಷ್ಟು ದೊಡ್ಡ ಆಫೀಸು, ಬಂದೋರಿಗೆ ತಿಳಿಯೋ ಹಾಗೆ ಒಂದು ಬೋರ್ಡು ಹಾಕ್ಬಾರ್ದಾ?"

"ಹಾಕಿದ್ದಾರಲ್ಲ ತಾತ," ಎಂದ ನೇರಣ್ಣ, ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ. "ನಾನೇ."